ಪ್ರಶ್ನೆ ನಡೆದ ದಾರಿ



ಕೌಲಾಲಂಪುರದಲ್ಲಿ ಮಾಮಕ್ ಎಂದು ಕರೆಯುವ ಹೋಟೆಲುಗಳಿವೆ. ತಮಿಳು ಮುಸ್ಲಿಮರು ನಡೆಸುವ ಅಂಗಡಿಗಳು ಅವು. ಹಲವು ಹಗಲಿರುಳೂ ತೆರೆದಿರುತ್ತವೆ. ಕುರ್ಚಿ ಎಳೆದು ಕೂತಿರೋ ಇಲ್ಲವೋ, ಮಾಣಿ ಬಂದು ಎರಡೇ ಮಾತಿನಲ್ಲಿ ಕೇಳುತ್ತಾನೆ: 'ಮಿನುಮ್ ಅಪ?' ಮಿನುಮ್ ಅಂದರೆ ಕುಡಿ, ಅಪ ಅಂದರೆ ಏನು. ಅದೇ ಊರಿನ ಶಾಲೆಯ ಪ್ರಶ್ನೆಪತ್ರಿಕೆ ತೆರೆದರೆ ಧಾಟಿಯೇ ಬೇರೆ: 'ಅಪಕಹ್ ಯಾಂಗ್ ದಿಬೆಲಿ ಓಲೆಹ್ ಅಲಿ?' ಅಲಿಯಿಂದ ಕೊಳ್ಳಲ್ಪಟ್ಟದ್ದು ಏನು ಎಂದು ಅರ್ಥ. ಎರಡರಲ್ಲೂ ಇರುವುದು ಒಂದೇ 'ಅಪ'. ಹೋಟೆಲಿನಲ್ಲಿ ಅದು ವಾಕ್ಯದ ಕೊನೆಯಲ್ಲಿ ಕೂತಿದೆ, ಪ್ರಶ್ನೆಪತ್ರಿಕೆಯಲ್ಲಿ ಮೊದಲಿಗೇ ಬಂದು ನಿಂತಿದೆ. ಕೊನೆಯಲ್ಲಿದ್ದದ್ದು ಮೊದಲಿಗೆ ಹೇಗೆ ಬಂತು, ಬರುವಾಗ ದಾರಿಯಲ್ಲಿ ಏನೇನನ್ನು ಬದಲಿಸಿತು ಎಂಬುದೇ ಇವತ್ತಿನ ಮಾತು. ವ್ಯಾಕರಣದ ವಿಷಯವಾದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೋಗೋಣ. ಉದಾಹರಣೆಗಳನ್ನು ನೀವೂ ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಬೇಕೆಂದು ನನ್ನ ಆಸೆ.

ಆ ಎರಡೂ ಪ್ರಶ್ನೆಗಳು ಮಲಯ್ ಭಾಷೆಯವು. ಮಲಯ್ ಮಲೇಷ್ಯಾ, ಸಿಂಗಪುರ, ಬ್ರೂನೈ ದೇಶಗಳ ಭಾಷೆ. ಅದರ ಇನ್ನೊಂದು ರೂಪಕ್ಕೆ 1928ರಲ್ಲಿ ಯುವಜನರ ಸಮ್ಮೇಳನವೊಂದು ಬಹಾಸ ಇಂಡೋನೇಷ್ಯಾ ಎಂದು ಹೆಸರಿಟ್ಟಿತು. ಇವತ್ತು ಇಂಡೋನೇಷ್ಯಾದ ರಾಷ್ಟ್ರಭಾಷೆ ಅದೇ. ಸುಮಾತ್ರಾದ ಪಾಲೆಂಬಾಂಗ್ ಹತ್ತಿರ ಸಿಕ್ಕ ಕೆದುಕಾನ್ ಬುಕಿತ್ ಶಾಸನ ಕ್ರಿ.ಶ. 683ರದು. ಹಳೆಯ ಮಲಯ್ ಭಾಷೆಯ ಆ ಬರಹ ಇರುವುದು ದಕ್ಷಿಣ ಭಾರತದಿಂದ ಹೋದ ಪಲ್ಲವ ಲಿಪಿಯಲ್ಲಿ. ನಂಟು ಇಷ್ಟು ಹಳೆಯದಾದರೂ ವಾಕ್ಯದ ಕಟ್ಟು ನಮ್ಮದಲ್ಲ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮಲಯ್‌ನಲ್ಲಿ ನಡುವೆ ಬರುತ್ತದೆ. ಅಲಿ ಪುಸ್ತಕ ಓದುತ್ತಾನೆ ಅನ್ನುವುದಕ್ಕೆ 'ಅಲಿ ಮೆಂಬಾಚ ಬುಕು': ಮೊದಲು ಅಲಿ, ಆಮೇಲೆ ಓದು, ಆಮೇಲೆ ಪುಸ್ತಕ. ಓದುತ್ತಾನೆ, ಓದುತ್ತಾಳೆ, ಓದಿದರು ಎಂದು ಲಿಂಗ, ವಚನ, ಕಾಲಕ್ಕೆ ತಕ್ಕ ಹಾಗೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. ಆದರೆ ಅದರ ತಲೆಯ ಮೇಲೆ ಒಂದು ಪೂರ್ವಪ್ರತ್ಯಯ ಕೂರುತ್ತದೆ. ಓದು ಅನ್ನುವ ಧಾತು 'ಬಾಚ'. ವಾಕ್ಯದಲ್ಲಿ ಅದು 'ಮೆಂಬಾಚ'. ಕೊಳ್ಳು ಅನ್ನುವುದು 'ಬೆಲಿ', ವಾಕ್ಯದಲ್ಲಿ 'ಮೆಂಬೆಲಿ'. ಈ 'ಮೆ' ಅನ್ನುವ ತುಣುಕನ್ನು ಮರೆಯಬೇಡಿ. ಇವತ್ತಿನ ನಮ್ಮ ವಿಚಾರವೆಲ್ಲ ಅದರ ಸುತ್ತಲೇ ಇದೆ.

ಇನ್ನು, ಈ ಪ್ರಶ್ನೆಗಳನ್ನು ನಾವು ಯಾವುದರ ಕಣ್ಣಿನಿಂದ ನೋಡಲಿದ್ದೇವೋ ಆ ಉತ್ಪಾದಕ ವ್ಯಾಕರಣದ ಮಾತು. ನೋಮ್ ಚಾಮ್‌ಸ್ಕಿ 1957ರಲ್ಲಿ 'ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್' ಎಂಬ ಸಣ್ಣ ಪುಸ್ತಕ ಪ್ರಕಟಿಸಿದಾಗಿನಿಂದ ಈ ಹೆಸರು ಚಾಲ್ತಿಗೆ ಬಂತು. ಅದರ ಆಸಕ್ತಿ ಸರಳವಾದದ್ದು, ಆದರೆ ಆಳವಾದದ್ದು. ಒಂದು ಭಾಷೆಯನ್ನು ಬಲ್ಲವರು ತಾವು ಹಿಂದೆಂದೂ ಕೇಳದ ವಾಕ್ಯವನ್ನೂ ಸರಿ ಅಥವಾ ತಪ್ಪು ಎಂದು ಥಟ್ಟನೆ ಹೇಳಬಲ್ಲರು. ಯಾರೂ ಕಲಿಸದ ಈ ತಿಳಿವಳಿಕೆಯ ಹಿಂದೆ ಯಾವ ನಿಯಮಗಳಿವೆ? ಇದನ್ನು ಹುಡುಕುವವರಿಗೆ ಸರಿಯಾದ ವಾಕ್ಯದಷ್ಟೇ ತಪ್ಪು ವಾಕ್ಯವೂ ಬೇಕು. ಜನ ಯಾವುದನ್ನು ಹೇಳಬಹುದಾಗಿದ್ದರೂ ಹೇಳುವುದಿಲ್ಲವೋ ಅಲ್ಲೇ ನಿಯಮ ಅಡಗಿರುತ್ತದೆ.

ಪ್ರಶ್ನೆವಾಕ್ಯ ಈ ಹುಡುಕಾಟದಲ್ಲಿ ಮೊದಲಿನಿಂದಲೂ ನಡುಮನೆಯಲ್ಲಿದೆ. ಇಂಗ್ಲಿಷಿನಲ್ಲಿ 'ವಾಟ್ ಡಿಡ್ ಅಲಿ ರೀಡ್' ಅನ್ನುವಾಗ 'ವಾಟ್' ಅನ್ನುವುದು ಓದುವ ಕ್ರಿಯೆಯ ಕರ್ಮ. ಕರ್ಮದ ಜಾಗ ಇಂಗ್ಲಿಷಿನಲ್ಲಿ ಕ್ರಿಯಾಪದದ ಆಚೆ. ಆ ಜಾಗ ಬರಿದಾಗಿದೆ, ಪದ ಮಾತ್ರ ವಾಕ್ಯದ ಮೊದಲಿಗೆ ಬಂದಿದೆ. ಪದ ಅಲ್ಲಿಂದ ಹೊರಟು ಇಲ್ಲಿಗೆ ಬಂತು ಎಂದು ಉತ್ಪಾದಕ ವ್ಯಾಕರಣ ಹೇಳುತ್ತದೆ. ಕನ್ನಡದಲ್ಲಿ ಅಂಥದ್ದೇನೂ ಕಾಣುವುದಿಲ್ಲ. 'ಅಲಿ ಪುಸ್ತಕ ಓದಿದ', 'ಅಲಿ ಏನು ಓದಿದ?' ಪುಸ್ತಕ ಇದ್ದ ಜಾಗದಲ್ಲೇ 'ಏನು' ಕೂತಿದೆ. ಚೀನೀ ಭಾಷೆಯದೂ ಇದೇ ರೀತಿ. 1982ರಲ್ಲಿ ಜೇಮ್ಸ್ ಹುವಾಂಗ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ, ಚೀನೀಯಲ್ಲೂ ಪ್ರಶ್ನೆಯ ಪದ ಹೊರಡುತ್ತದೆ, ಆದರೆ ಆ ಚಲನೆ ಕಿವಿಗೆ ಕೇಳುವ ವಾಕ್ಯದಲ್ಲಿ ಆಗದೆ ಅರ್ಥದ ಮಟ್ಟದಲ್ಲಿ ಆಗುತ್ತದೆ ಎಂದು ವಾದಿಸಿದರು. ಹೀಗೆ ಪ್ರಪಂಚದ ಭಾಷೆಗಳು ಎರಡು ಬಣವಾದವು: ಪ್ರಶ್ನಪದವನ್ನು ಮುಂದಕ್ಕೆ ಒಯ್ಯುವವು ಮತ್ತು ಇದ್ದಲ್ಲೇ ಬಿಡುವವು. 1991ರಲ್ಲಿ ಲೀಸಾ ಚೆಂಗ್ ಇದಕ್ಕೊಂದು ಅಚ್ಚುಕಟ್ಟಾದ ನಿಯಮ ಕೊಟ್ಟರು. ವಾಕ್ಯ ಪ್ರಶ್ನೆಯೆಂದು ತೋರಿಸಲು ಒಂದು ಭಾಷೆಗೆ ಒಂದೇ ಉಪಾಯ ಸಾಕು. ಪ್ರಶ್ನೆಯ ಪ್ರತ್ಯಯ ಇರುವ ಭಾಷೆ ಪದವನ್ನು ಒಯ್ಯುವ ಗೋಜಿಗೆ ಹೋಗುವುದಿಲ್ಲ, ಪ್ರತ್ಯಯವಿಲ್ಲದ ಭಾಷೆ ಒಯ್ಯುತ್ತದೆ.

ಮಲಯ್ ಈ ವಿಂಗಡಣೆಗೆ ಒಗ್ಗುವುದಿಲ್ಲ. ಅದಕ್ಕೆ ಪ್ರಶ್ನೆಯ ಪ್ರತ್ಯಯವೂ ಇದೆ, ಪದವನ್ನು ಇದ್ದಲ್ಲೇ ಬಿಡುವ ರೂಢಿಯೂ ಇದೆ, ಮುಂದಕ್ಕೆ ತರುವ ರೂಢಿಯೂ ಇದೆ. ಆದ್ದರಿಂದಲೇ ನನಗೆ ಆ ಭಾಷೆಯ ಮೇಲೆ ಇಷ್ಟು ಪ್ರೀತಿ. ಬೇರೆ ಬೇರೆ ಭಾಷೆಗಳನ್ನು ಹೋಲಿಸಿ ತಿಳಿಯಬೇಕಾದದ್ದನ್ನು ಅದು ಒಬ್ಬರ ಬಾಯಲ್ಲೇ ತೋರಿಸಿಕೊಡುತ್ತದೆ.

ಮೊದಲು ಪ್ರತ್ಯಯವನ್ನು ನೋಡಿಬಿಡೋಣ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಮಾತಿನಲ್ಲಿ ಧ್ವನಿ ಏರಿಸಿದರೆ ಸಾಕು. 'ಸುದಾಹ್ ಮಾಕನ್?' ಊಟ ಆಯ್ತಾ? ಅಲ್ಲೂ ಇದು ಎದುರು ಸಿಕ್ಕವರನ್ನು ಮಾತಾಡಿಸುವ ಮಾತು, ನಮ್ಮಲ್ಲಿದ್ದ ಹಾಗೇ. ಬರಹದಲ್ಲಿ 'ಕಹ್' ಎಂಬ ಪ್ರತ್ಯಯ ಬರುತ್ತದೆ. 'ಸುದಾಹ್‌ಕಹ್ ಅಲಿ ಮೆಂಬಾಚ ಬುಕು ಇತು?' ಅಲಿ ಆ ಪುಸ್ತಕ ಓದಿ ಆಯಿತೇ? 'ಬುಕು ಇತುಕಹ್ ಯಾಂಗ್ ಅಲಿ ಬಾಚ?' ಆ ಪುಸ್ತಕವನ್ನೇ ಅಲಿ ಓದಿದ್ದು? 'ಅಲಿಕಹ್ ಯಾಂಗ್ ಮೆಂಬಾಚ ಬುಕು ಇತು?' ಆ ಪುಸ್ತಕ ಓದಿದ್ದು ಅಲಿಯಾ? ನಮ್ಮ ಆಕಾರ, ಏಕಾರದ ಹಾಗೆಯೇ 'ಕಹ್' ಕೂಡ ಯಾವುದರ ಬಗ್ಗೆ ಸಂದೇಹವೋ ಅದಕ್ಕೇ ಅಂಟುತ್ತದೆ. ಆದರೆ ವ್ಯತ್ಯಾಸವೂ ಒಂದಿದೆ. ನಾವು 'ಅಲಿ ಪುಸ್ತಕವನ್ನಾ ಓದಿದ್ದು?' ಎಂದು ವಾಕ್ಯದ ನಡುವೆಯೂ ಆ ಪ್ರತ್ಯಯ ಹಚ್ಚಬಲ್ಲೆವು. ಮಲಯ್‌ನಲ್ಲಿ 'ಕಹ್' ಹಚ್ಚಿಸಿಕೊಂಡದ್ದು ವಾಕ್ಯದ ಮುಂದಕ್ಕೆ ಬರಲೇಬೇಕು. ಅಲ್ಲಿನ ಶಾಲೆಗಳಲ್ಲಿ ಕಲಿಸುವ ಒಂದು ನಿಯಮವಿದೆ. 'ಸಿಯಾಪಕಹ್ ಓರಂಗ್ ಇತು?' ಸರಿ: ಯಾರು ಆ ವ್ಯಕ್ತಿ? 'ಓರಂಗ್ ಇತು ಸಿಯಾಪ?' ಕೂಡ ಸರಿ. ಆದರೆ 'ಓರಂಗ್ ಇತು ಸಿಯಾಪಕಹ್?' ಎಂದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. 1956ರಲ್ಲಿ ಸ್ಥಾಪನೆಯಾದ ದೇವಾನ್ ಬಹಾಸ ದಾನ್ ಪುಸ್ತಾಕ ಎಂಬ ಭಾಷಾ ಸಂಸ್ಥೆ 1986ರಲ್ಲಿ 'ತಾತಬಹಾಸ ದೇವಾನ್' ಎಂಬ ಪ್ರಮಾಣ ವ್ಯಾಕರಣ ಹೊರತಂದಿತು. ನಿಕ್ ಸಾಫಿಯಾ ಕರೀಮ್ ಮತ್ತು ಸಂಗಡಿಗರು ಬರೆದದ್ದು. ಇಂಥ ವ್ಯಾಕರಣಗಳಲ್ಲಿ ಈ 'ಕಹ್' ನಿಯಮ ಬಳಕೆಯ ವಿಧಿಯಾಗಿ ಕಾಣುತ್ತದೆ. ಉತ್ಪಾದಕ ವ್ಯಾಕರಣ ಅದಕ್ಕೊಂದು ಕಾರಣ ಕೊಡುತ್ತದೆ: 'ಕಹ್'ನ ಸ್ವಂತ ಜಾಗ ವಾಕ್ಯದ ಎಡ ತುದಿ. ಅಲ್ಲಿಗೆ ಬಂದು ಸೇರಿದ ಪದಕ್ಕೆ ಅದು ಅಂಟಿಕೊಳ್ಳುತ್ತದೆ. ಕೊನೆಯಲ್ಲೇ ಉಳಿದ ಪದ ಆ ತುದಿಗೆ ಬಂದೇ ಇಲ್ಲ. ಅದಕ್ಕೆ 'ಕಹ್' ಸಿಗುವುದೆಲ್ಲಿಂದ?

ಈಗ 'ಮೆ'ಗೆ ಬರೋಣ.

'ಅಲಿ ಮೆಂಬಾಚ ಬುಕು.' ಅಲಿ ಪುಸ್ತಕ ಓದುತ್ತಾನೆ. ಪುಸ್ತಕದ ಜಾಗದಲ್ಲಿ 'ಅಪ' ಇಡಿ: 'ಅಲಿ ಮೆಂಬಾಚ ಅಪ?' ಒಳ್ಳೆಯ ಮಲಯ್ ಪ್ರಶ್ನೆ. ಈಗ 'ಅಪ'ವನ್ನು ಮುಂದೆ ತನ್ನಿ. ಜೊತೆಗೆ 'ಯಾಂಗ್' ಎಂಬ ಒಂದು ಪದ ಬರುತ್ತದೆ, ಅದರ ವಿಚಾರ ಆಮೇಲೆ. 'ಅಪ ಯಾಂಗ್ ಅಲಿ ಬಾಚ?' ಕೇಳಿಸಿತೇ? 'ಮೆಂಬಾಚ' ಇದ್ದದ್ದು 'ಬಾಚ' ಆಯಿತು. 'ಮೆ' ಬಿದ್ದುಹೋಯಿತು. ಅದನ್ನು ಉಳಿಸಿಕೊಂಡು 'ಅಪ ಯಾಂಗ್ ಅಲಿ ಮೆಂಬಾಚ?' ಎಂದರೆ ವ್ಯಾಕರಣ ತಪ್ಪು.

ಇನ್ನು ಕರ್ತೃವಿನ ಬಗ್ಗೆ ಕೇಳೋಣ. 'ಸಿಯಾಪ ಯಾಂಗ್ ಮೆಂಬಾಚ ಬುಕು ಇತು?' ಆ ಪುಸ್ತಕ ಓದುವವರು ಯಾರು? ಇಲ್ಲಿ 'ಮೆಂಬಾಚ' ಹಾಗೇ ಉಳಿಯಿತು. ಯಾಕೆಂದರೆ 'ಸಿಯಾಪ', ಅಂದರೆ ಯಾರು ಎಂಬುದು, ಮೊದಲೇ ಕ್ರಿಯಾಪದದ ಈಚೆಗೆ ಇತ್ತು. ಕ್ರಿಯಾಪದವನ್ನು ದಾಟುವ ಪ್ರಸಂಗ ಬರಲಿಲ್ಲ. 'ಅಪ' ಕ್ರಿಯಾಪದದ ಆಚೆಯಿಂದ ಹೊರಟು, ಅದನ್ನು ದಾಟಿಕೊಂಡು ಈಚೆಗೆ ಬಂತು. ನಾಮಪದವೊಂದು ತನ್ನ ಮೇಲೆ ಹಾದುಹೋದರೆ ಕ್ರಿಯಾಪದ ತನ್ನ 'ಮೆ'ಯನ್ನು ಕಳಚುತ್ತದೆ. ಒದ್ದೆ ನೆಲದ ಮೇಲೆ ಹೆಜ್ಜೆ ಗುರುತು ಉಳಿಯುವ ಹಾಗೆ, ಪ್ರಶ್ನೆ ಹಾದುಹೋದ ದಾರಿ ಕ್ರಿಯಾಪದದ ಮೇಲೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಪದ ಎಲ್ಲಿಂದ ಹೊರಟಿತು, ಎಲ್ಲಿ ಮುಟ್ಟಿತು ಎನ್ನುವುದಷ್ಟೇ ತಿಳಿಯುತ್ತದೆ. ನಡುವಿನ ದಾರಿ ಊಹೆ. ಮಲಯ್‌ನಲ್ಲಿ ದಾರಿಯೇ ಕಾಣುತ್ತದೆ.

'ದಾಟಿದರೆ ಬೀಳುತ್ತದೆ' ಅನ್ನುವಾಗ ನಾಮಪದ ಎಂದು ಒತ್ತಿ ಹೇಳಿದೆ. ಎಲ್ಲಿ ಎನ್ನುವುದಕ್ಕೆ ಮಲಯ್‌ನಲ್ಲಿ 'ದಿ ಮಾನ'. 'ದಿ ಮಾನ ಅಲಿ ಮೆಂಬೆಲಿ ಬುಕು ಇತು?' ಅಲಿ ಆ ಪುಸ್ತಕ ಎಲ್ಲಿ ಕೊಂಡ? 'ದಿ ಮಾನ' ಮುಂದೆ ಬಂದಿದೆ, ಆದರೂ 'ಮೆಂಬೆಲಿ' ತನ್ನ 'ಮೆ'ಯನ್ನು ಬಿಟ್ಟಿಲ್ಲ. 'ಯಾಂಗ್' ಕೂಡ ಬರಲಿಲ್ಲ. ಕರ್ತೃ ಯಾರು, ಕರ್ಮ ಯಾವುದು ಎಂಬ ಲೆಕ್ಕಾಚಾರದಲ್ಲಿ ಪಾಲುಗೊಳ್ಳದ ಪದ ಅದು. 'ಮೆ' ನೋಡಿಕೊಳ್ಳುವುದು ಆ ಲೆಕ್ಕವನ್ನು ಮಾತ್ರ.

ಇದಕ್ಕೆ ಇನ್ನೊಂದು ವಿವರಣೆಯೂ ಇದೆ, ಅದನ್ನು ಹೇಳದೆ ಹೋದರೆ ನ್ಯಾಯವಾಗುವುದಿಲ್ಲ. ಮಲಯ್‌ನಲ್ಲಿ ಕರ್ಮವನ್ನು ಮುಂದಿಟ್ಟು ಹೇಳುವ ಒಂದು ಪ್ರಯೋಗ ಸಾಮಾನ್ಯ ಹೇಳಿಕೆಯಲ್ಲೂ ಇದೆ. 'ಬುಕು ಇತು ಸುದಾಹ್ ಸಾಯ ಬಾಚ.' ಆ ಪುಸ್ತಕವನ್ನು ನಾನು ಓದಿ ಆಯಿತು. ಇಲ್ಲೂ 'ಮೆ' ಇಲ್ಲ. ಸಾಯ, ಅಂದರೆ ನಾನು ಎಂಬ ಪದ, ಕ್ರಿಯಾಪದಕ್ಕೆ ಒತ್ತಿಕೊಂಡೇ ಇರಬೇಕು. 'ಬುಕು ಇತು ಸಾಯ ಸುದಾಹ್ ಬಾಚ' ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಸ್ಯಾಂಡ್ರಾ ಚಂಗ್ 1976ರಲ್ಲಿ ಇಂಡೋನೇಷ್ಯನ್ ಭಾಷೆಯ ಈ ಬಗೆಯ ವಾಕ್ಯಗಳನ್ನು ವಿಶ್ಲೇಷಿಸಿ, ಇದೂ ಒಂದು ಕರ್ಮಣಿ ಪ್ರಯೋಗ, ಇಲ್ಲಿ ಪುಸ್ತಕವೇ ವಾಕ್ಯದ ಕರ್ತೃಸ್ಥಾನಕ್ಕೆ ಏರಿದೆ ಎಂದು ತೋರಿಸಿದರು. ಹಾಗಾದರೆ 'ಅಪ ಯಾಂಗ್ ಅಲಿ ಬಾಚ'ದಲ್ಲೂ ಕರ್ಮ ಮೊದಲು ಕರ್ತೃಸ್ಥಾನಕ್ಕೆ ಏರಿ, ಆಮೇಲೆ ಅಲ್ಲಿಂದ ಪ್ರಶ್ನೆಯ ಸ್ಥಾನಕ್ಕೆ ಹೋಗಿರಬಹುದು. ಎರಡು ವಿವರಣೆಗಳ ನಡುವೆ ವಾದ ಇನ್ನೂ ನಡೆದಿದೆ. ಆದರೆ ಯಾವುದನ್ನು ಒಪ್ಪಿದರೂ ಕರ್ಮ ತನ್ನ ಜಾಗ ಬಿಟ್ಟು ಹೊರಟದ್ದಂತೂ ನಿಜ. 'ಮೆ' ಬಿದ್ದದ್ದೇ ಅದಕ್ಕೆ ಸಾಕ್ಷಿ.

ಇನ್ನೂ ಸ್ವಾರಸ್ಯ ಬರುವುದು ವಾಕ್ಯದೊಳಗೆ ವಾಕ್ಯ ಇದ್ದಾಗ. ಅಲಿ ಏನು ಕೊಂಡ ಎಂದು ಸಿತಿ ಭಾವಿಸಿದ್ದಾಳೆ? ಭಾವಿಸು, ಅಂದುಕೊ ಎನ್ನುವುದಕ್ಕೆ ಮಲಯ್‌ನಲ್ಲಿ 'ಸಂಕ' ಎಂಬ ಧಾತು ಇದೆ. 'ಮೆ' ಸೇರಿದಾಗ ಅದು 'ಮೆನ್ಯಂಕ' ಆಗುತ್ತದೆ. ಈ ಒಂದು ಪ್ರಶ್ನೆಯನ್ನು ಮಲಯ್‌ನಲ್ಲಿ ಮೂರು ರೀತಿಯಲ್ಲಿ ಕೇಳಬಹುದು. ಮೊದಲನೆಯದು, 'ಸಿತಿ ಮೆನ್ಯಂಕ ಅಲಿ ಮೆಂಬೆಲಿ ಅಪ?' 'ಅಪ' ಕದಲಿಲ್ಲ, ಎರಡೂ ಕ್ರಿಯಾಪದಗಳ 'ಮೆ' ಭದ್ರವಾಗಿದೆ. ಎರಡನೆಯದು, 'ಅಪ ಯಾಂಗ್ ಸಿತಿ ಸಂಕ ಅಲಿ ಬೆಲಿ?' 'ಅಪ' ಎಲ್ಲಕ್ಕಿಂತ ಮುಂದೆ ಬಂದಿದೆ. ಒಳಗಿನ ಕ್ರಿಯಾಪದದ 'ಮೆ' ಹೋಯಿತು, ಹೊರಗಿನದೂ ಹೋಯಿತು. ಮೂರನೆಯದನ್ನು ಗಮನವಿಟ್ಟು ಕೇಳಿ: 'ಸಿತಿ ಮೆನ್ಯಂಕ ಅಪ ಯಾಂಗ್ ಅಲಿ ಬೆಲಿ?' ಇಲ್ಲಿ 'ಅಪ' ಒಳವಾಕ್ಯದ ಬಾಗಿಲಿನ ತನಕ ಬಂದು ಅಲ್ಲೇ ನಿಂತಿದೆ. ಒಳಗಿನ ಕ್ರಿಯಾಪದದ 'ಮೆ' ಬಿತ್ತು, ಹೊರಗಿನದು ಉಳಿಯಿತು. ಆದರೂ ಇಡೀ ವಾಕ್ಯ ಸಿತಿಯ ಬಗ್ಗೆ ಕೇಳುವ ನೇರ ಪ್ರಶ್ನೆಯೇ. ಕೇಳಿಸಿಕೊಂಡವರು 'ಪುಸ್ತಕ' ಎಂದು ಉತ್ತರ ಕೊಡಬೇಕು.

ಇದನ್ನು ಮೊದಲು ಓದಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ದೂರ ಹೋಗುವ ಪದ ಒಂದೇ ಹಾರಿಗೆ ಹಾರುವುದಿಲ್ಲ, ದಾರಿಯಲ್ಲಿ ಸಿಗುವ ಒಂದೊಂದು ಉಪವಾಕ್ಯದ ಅಂಚಿನಲ್ಲೂ ತಂಗಿ ಮುಂದೆ ಹೋಗುತ್ತದೆ ಎಂದು ಚಾಮ್‌ಸ್ಕಿ 1973ರ ಒಂದು ಲೇಖನದಲ್ಲಿ ಸೂಚಿಸಿದ್ದರು. ಆಗ ಅದು ಬಹುಮಟ್ಟಿಗೆ ಇಂಗ್ಲಿಷ್ ವಾಕ್ಯಗಳನ್ನು ಇಟ್ಟುಕೊಂಡು ಮಾಡಿದ ತರ್ಕ. ಮಲಯ್‌ನಲ್ಲಿ ಪದ ತಂಗಿದ ಜಾಗದಲ್ಲೇ ನಿಂತದ್ದು ಕಣ್ಣಿಗೆ ಕಾಣುತ್ತದೆ, ಎಷ್ಟು ದೂರ ಬಂತು ಎಂಬುದಕ್ಕೆ ಒಂದೊಂದು ಕ್ರಿಯಾಪದವೂ ಸಾಕ್ಷಿ ಹೇಳುತ್ತದೆ. ಇಂಡೋನೇಷ್ಯನ್ ಭಾಷೆಯ ಈ ಮೂರು ಬಗೆಗಳನ್ನು ಡಗ್ಲಸ್ ಸ್ಯಾಡಿ 1991ರಲ್ಲಿ ವಿವರಿಸಿದರು. ಮಲಯ್ ಬಗ್ಗೆ ಪೀಟರ್ ಕೋಲ್ ಮತ್ತು ಗೇಬ್ರಿಯೆಲಾ ಹರ್ಮನ್ 1998ರಲ್ಲಿ 'ಸಿಂಟ್ಯಾಕ್ಸ್' ಎಂಬ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನ ಇವತ್ತಿಗೂ ಈ ವಿಷಯದಲ್ಲಿ ಮೊದಲು ಓದಬೇಕಾದದ್ದು. ಜರ್ಮನ್ ಭಾಷೆಯಲ್ಲೂ ಅರ್ಧ ದಾರಿಗೆ ನಿಲ್ಲುವ ಪ್ರಶ್ನೆಗಳಿವೆ. ಆದರೆ ಅಲ್ಲಿ ಹೊರವಾಕ್ಯದಲ್ಲಿ ಇನ್ನೊಂದು 'ಏನು' ಇಟ್ಟು, ಪ್ರಶ್ನೆ ಇಲ್ಲಿಯವರೆಗೆ ಎಂದು ಗುರುತು ಮಾಡಬೇಕು. ಮಲಯ್‌ಗೆ ಆ ಗುರುತೂ ಬೇಕಿಲ್ಲ.

'ಯಾಂಗ್' ವಿಚಾರ ಬಾಕಿ ಇದೆ. ಇಲ್ಲಿ ನಾವು ಕನ್ನಡಿಗರು ಇಂಗ್ಲಿಷಿನವರಿಗಿಂತ ಮುಂದಿದ್ದೇವೆ ಎಂದರೆ ಉತ್ಪ್ರೇಕ್ಷೆಯಲ್ಲ. 'ಬುಕು ಯಾಂಗ್ ಅಲಿ ಬಾಚ' ಅಂದರೆ ಅಲಿ ಓದಿದ ಪುಸ್ತಕ. ಮುಂದಿನ 'ಬುಕು' ತೆಗೆದರೆ 'ಯಾಂಗ್ ಅಲಿ ಬಾಚ': ಅಲಿ ಓದಿದ್ದು. ಹಾಗಾದರೆ 'ಅಪ ಯಾಂಗ್ ಅಲಿ ಬಾಚ?' ಎಂದರೆ? 'ಏನು ಅಲಿ ಓದಿದ್ದು?' ಕ್ರಮ ಬದಲಿಸಿ 'ಯಾಂಗ್ ಅಲಿ ಬಾಚ ಇತು ಅಪ?' ಎಂದೂ ಹೇಳಬಹುದು: 'ಅಲಿ ಓದಿದ್ದು ಏನು?' 'ಸಿಯಾಪ ಯಾಂಗ್ ಮೆಂಬಾಚ' ಎಂದರೆ 'ಓದಿದವರು ಯಾರು'. ವಾಕ್ಯವನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ನಾಮಪದವಾಗಿಸಿ, ಉಳಿದದ್ದನ್ನು ಎತ್ತಿ ತೋರಿಸುವ ಈ ರಚನೆಯನ್ನು ನಾವು ದಿನವೂ ನೂರು ಸಲ ಬಳಸುತ್ತೇವೆ. 'ನೀನು ಬಂದದ್ದು ಯಾವಾಗ?' 'ಬಾಗಿಲು ತೆಗೆದವರು ಯಾರು?' ಮಲಯ್‌ನ ಮುಂದಿಟ್ಟ ಪ್ರಶ್ನೆ ಇಂಗ್ಲಿಷಿನ ಪ್ರಶ್ನೆಯ ತಮ್ಮನಂತೆ ಮೇಲ್ನೋಟಕ್ಕೆ ಕಂಡರೂ ಒಳಗಿನ ಕಟ್ಟಿನಲ್ಲಿ ಅದು ಈ ಸೀಳುವಾಕ್ಯವೇ ಎಂದು ಹಲವು ವಿದ್ವಾಂಸರು ಹೇಳಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. 'ದಿ ಮಾನ'ಗೆ 'ಯಾಂಗ್' ಬೇಡವಾದದ್ದೂ ಇದಕ್ಕೇ. ಅದು ನಾಮಪದವಲ್ಲ, ಸೀಳದೆ ಸುಮ್ಮನೆ ಮುಂದೆ ಬರುತ್ತದೆ. ಉತ್ತರದ ಕಡೆಯಿಂದಲೂ ಇದಕ್ಕೆ ಬೆಂಬಲವಿದೆ: 'ಬುಕು ಇತುಲಹ್ ಯಾಂಗ್ ಅಲಿ ಬಾಚ', ಆ ಪುಸ್ತಕವೇ ಅಲಿ ಓದಿದ್ದು. ನಮ್ಮ ಒತ್ತಿನ ಏಕಾರ ನಿಲ್ಲುವ ಜಾಗದಲ್ಲಿ ಅವರ 'ಲಹ್' ನಿಂತಿದೆ, ವಾಕ್ಯದ ಕಟ್ಟು ಹಾಗೇ ಇದೆ.

ಹಾಗಾದರೆ ಕ್ರಿಯಾಪದವನ್ನು ದಾಟಿದ್ದು ಯಾರು? ಸೀಳುವಾಕ್ಯದಲ್ಲಿ 'ಅಪ' ಹೊರಗೇ ಇದ್ದರೆ 'ಮೆ' ಬೀಳಬಾರದಿತ್ತಲ್ಲ? 'ಯಾಂಗ್'ನ ಒಳಗೆ, ಕಿವಿಗೆ ಕೇಳದ ಒಂದು ಸರ್ವನಾಮ ಕರ್ಮದ ಜಾಗದಿಂದ ಹೊರಟು ಮುಂದೆ ಬರುತ್ತದೆ ಎಂದು ಉತ್ತರ. 'ಬುಕು ಯಾಂಗ್ ಅಲಿ ಬಾಚ' ಎಂಬ ಬರಿಯ ನಾಮಪದದಲ್ಲೂ 'ಮೆ' ಇಲ್ಲದಿರುವುದನ್ನು ನೆನೆಸಿಕೊಂಡರೆ ಇದು ಸುಮ್ಮನೆ ಹುಟ್ಟಿಸಿದ ಕತೆ ಅಲ್ಲ ಎಂದು ತಿಳಿಯುತ್ತದೆ. ಅರ್ಧ ದಾರಿಯ ಪ್ರಶ್ನೆಗೂ ಕನ್ನಡದಲ್ಲಿ ಜೋಡಿ ಸಿಗುತ್ತದೆ: 'ಅಲಿ ಕೊಂಡದ್ದು ಏನು ಅಂತ ಸಿತಿ ಅಂದುಕೊಂಡಿದ್ದಾಳೆ?' ಒಳವಾಕ್ಯವನ್ನು ಮಾತ್ರ ಸೀಳಿದ್ದೇವೆ, ಹೊರವಾಕ್ಯಕ್ಕೆ ಕೈ ಹಾಕಿಲ್ಲ. ಇದನ್ನು ಕಂಡಾಗ, ಅರ್ಧ ದಾರಿಯ ಚಲನೆ ಎಂಬುದೇ ಇಲ್ಲ, ಒಳಗೊಂದು ಸೀಳುವಾಕ್ಯ ಇದೆ, ಅದರಲ್ಲಿ 'ಅಪ' ಇದ್ದಲ್ಲೇ ಇದೆ, ಅಷ್ಟೇ ಎಂದು ಹೇಳಿಬಿಡುವ ಆಸೆಯಾಗುತ್ತದೆ. ಹಾಗೆ ಹೇಳಲು ಒಂದು ಅಡ್ಡಿ ಇದೆ. ಅದೇ ದ್ವೀಪಗಳ ವಿಚಾರ.

ಜಾನ್ ರಾಸ್ ಎಂಬ ವಿದ್ವಾಂಸರು 1967ರ ತಮ್ಮ ಪ್ರಬಂಧದಲ್ಲಿ ವಾಕ್ಯದ ಕೆಲವು ಭಾಗಗಳನ್ನು ದ್ವೀಪ ಎಂದು ಕರೆದರು. ಅಲ್ಲಿಂದ ಯಾವ ಪದವೂ ಹೊರಗೆ ಬರಲಾರದು. ಕಾರಣ ಹೇಳುವ ಉಪವಾಕ್ಯ ಅಂಥ ಒಂದು ದ್ವೀಪ. ಕಾರಣಕ್ಕೆ ಮಲಯ್‌ನಲ್ಲಿ 'ಕೆರಾನ', ಸಂಸ್ಕೃತದ ಪದವೇ. 'ಅಲಿ ದಿಮಾರಹಿ ಕೆರಾನ ದಿಯ ಮೆಂಬೆಲಿ ಅಪ?' ಅಲಿ ಏನು ಕೊಂಡ ಕಾರಣಕ್ಕೆ ಬೈಸಿಕೊಂಡ? 'ಅಪ' ಇದ್ದಲ್ಲೇ ಇದ್ದರೆ ವಾಕ್ಯ ಸಲೀಸು, ಮಲಯ್‌ನಲ್ಲೂ ಕನ್ನಡದಲ್ಲೂ. ಅದನ್ನೇ ಮುಂದೆ ತಂದು 'ಅಪ ಯಾಂಗ್ ಅಲಿ ದಿಮಾರಹಿ ಕೆರಾನ ದಿಯ ಬೆಲಿ?' ಎಂದರೆ ಯಾರೂ ಒಪ್ಪುವುದಿಲ್ಲ. ಸರಿ, ಪೂರ್ತಿ ತರುವುದು ಬೇಡ, ದ್ವೀಪದ ಅಂಚಿನಲ್ಲೇ ನಿಲ್ಲಿಸೋಣ: 'ಅಲಿ ದಿಮಾರಹಿ ಕೆರಾನ ಅಪ ಯಾಂಗ್ ದಿಯ ಬೆಲಿ?' ಇದೂ ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಕೋಲ್ ಮತ್ತು ಹರ್ಮನ್ ಹಿಡಿದ ಎಳೆ ಇದೇ. ಕದಲದ 'ಅಪ'ಗೆ ದ್ವೀಪದ ಭಯವಿಲ್ಲ. ಒಮ್ಮೆ ಕದಲಿದ 'ಅಪ' ಅರ್ಧಕ್ಕೆ ನಿಂತಿದ್ದರೂ ಉಳಿದರ್ಧ ದಾರಿಯನ್ನು ಯಾರಿಗೂ ಕಾಣದಂತೆ ಮುಗಿಸಲೇಬೇಕು. ದ್ವೀಪ ಅದನ್ನು ತಡೆಯುತ್ತದೆ. ಕಾಣದ ಆ ನಡಿಗೆಗೆ ಮಾತ್ರ 'ಮೆ' ಬೀಳುವುದಿಲ್ಲ.

ಅವರ ವಿವರಣೆಯ ತಿರುಳು ಹೀಗಿದೆ. ಒಂದು ಪ್ರಶ್ನಪದದಲ್ಲಿ ಎರಡು ಕೆಲಸಗಳು ಸೇರಿಕೊಂಡಿವೆ. ಖಾಲಿ ಇರುವ ಜಾಗ ಯಾವುದು ಎಂದು ತೋರುವುದು ಒಂದು, ಇಡೀ ವಾಕ್ಯ ಪ್ರಶ್ನೆ ಎಂದು ಸಾರುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದದಲ್ಲಿ ಬೆಸೆದುಕೊಂಡಿವೆ, ಆದ್ದರಿಂದ ಸಾರುವ ಜಾಗಕ್ಕೆ ಪದವೇ ಹೋಗಬೇಕು. ಚೀನೀಯಲ್ಲಿ ಎರಡೂ ಬೇರೆ ಬೇರೆ. ಸಾರುವ ಅಂಶ ಮೊದಲಿನಿಂದಲೂ ವಾಕ್ಯದ ತುದಿಯಲ್ಲಿದ್ದು, ಒಳಗೆ ಎಷ್ಟೇ ಆಳದಲ್ಲಿರುವ ಪದವನ್ನೂ ದೂರದಿಂದಲೇ ಹಿಡಿದುಕೊಳ್ಳುತ್ತದೆ. ಮಲಯ್‌ನವರ ಶಬ್ದಭಂಡಾರದಲ್ಲಿ ಎರಡು ಬಗೆಯೂ ಇದೆ. ಹಾಗಾಗಿ ಒಬ್ಬನೇ ಮಾಣಿ 'ಮಿನುಮ್ ಅಪ' ಎಂದೂ ಕೇಳುತ್ತಾನೆ, ಪರೀಕ್ಷೆಗೆ ಕೂತಾಗ 'ಅಪಕಹ್ ಯಾಂಗ್' ಎಂದೂ ಬರೆಯುತ್ತಾನೆ. ಭಾಷೆಗಳನ್ನು ಎರಡು ಬಣ ಮಾಡುವುದಕ್ಕಿಂತ, ವ್ಯತ್ಯಾಸವನ್ನು ಪದಗಳ ಸ್ವಭಾವದಲ್ಲಿ ಹುಡುಕುವ ಈ ದಾರಿ ನನಗೆ ಹೆಚ್ಚು ಹಿಡಿಸಿದೆ.

ಒಂದು ಎಚ್ಚರ. ಮಲೇಷ್ಯಾದ ಬೀದಿಯ ಮಾತಿನಲ್ಲಿ 'ಮೆ'ಯನ್ನು ಕಾರಣವಿಲ್ಲದೆಯೂ ಬಿಡುತ್ತಾರೆ. 'ಅಲಿ ಬೆಲಿ ಬುಕು' ಎಂಬುದು ತೀರಾ ಸಾಮಾನ್ಯ. ಆದ್ದರಿಂದ 'ಮೆ' ಇಲ್ಲ ಎಂದ ಮಾತ್ರಕ್ಕೆ ಏನೋ ದಾಟಿತು ಎಂದು ತೀರ್ಮಾನಿಸಲಾಗದು. ಆದರೆ 'ಮೆ' ಇದ್ದರೆ ಯಾವ ನಾಮಪದವೂ ಆ ಕ್ರಿಯಾಪದವನ್ನು ದಾಟಿಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ಆಧಾರ ಒಂದೇ ಕಡೆಗೆ ಗಟ್ಟಿ. ಈ ಕೆಲಸ ಮಾಡುವವರು ಪ್ರಮಾಣ ಭಾಷೆಯ ವಾಕ್ಯಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದಕ್ಕೆ ಇದೊಂದು ಕಾರಣ.

ಇನ್ನು ಕನ್ನಡಕ್ಕೆ ಬಂದರೆ, ನಮ್ಮ ಪ್ರಶ್ನಪದಗಳು ಕದಲುವುದು ಕಾಣುವುದಿಲ್ಲ ಎಂದ ಮಾತ್ರಕ್ಕೆ ಅವೆಲ್ಲ ಒಂದೇ ಜಾತಿ ಎಂದುಕೊಳ್ಳಬಾರದು. 'ಯಾರು ಬರೆದ ಪುಸ್ತಕ ಓದಿದೆ?' ಎಂದು ಕೇಳಿ. ಎಷ್ಟು ಸಹಜ! 'ಯಾರು' ಇರುವುದು ಪುಸ್ತಕಕ್ಕೆ ವಿಶೇಷಣವಾದ ಉಪವಾಕ್ಯದ ಒಳಗೆ, ಅಂದರೆ ಒಂದು ದ್ವೀಪದ ನಡುವೆ. 'ಎಲ್ಲಿ ಕೊಂಡ ಪುಸ್ತಕ ಓದಿದೆ?' ಇದೂ ಸರಿ. ಈಗ 'ಏಕೆ ಬರೆದ ಪುಸ್ತಕ ಓದಿದೆ?' ಎಂದು ಕೇಳಿ ನೋಡಿ. ಬರೆದದ್ದಕ್ಕೆ ಕಾರಣ ಕೇಳುವ ಪ್ರಶ್ನೆಯಾಗಿ ಅದು ನನ್ನ ಕಿವಿಗೆ ಒಗ್ಗುವುದೇ ಇಲ್ಲ. 'ಏಕೆ' ಅಲ್ಲಿಂದ ಜಾರಿ 'ಓದಿದೆ'ಗೆ ಅಂಟಿಕೊಳ್ಳಲು ನೋಡುತ್ತದೆ. ಹುವಾಂಗ್ ಚೀನೀ ಭಾಷೆಯಲ್ಲಿ ಕಂಡ ವ್ಯತ್ಯಾಸವೂ ಇದೇ. ಮಲಯ್‌ನಲ್ಲಿ ಏಕೆ ಎನ್ನುವುದಕ್ಕೆ 'ಕೆನಾಪ' ಎಂಬ ಪದವಿದೆ. ಅದು ಸಾಮಾನ್ಯವಾಗಿ 'ಅಪ'ದ ಹಾಗೆ ಹಿಂದೆ ಕೂರದೆ ವಾಕ್ಯದ ಮುಂದೆಯೇ ಬರುತ್ತದೆ. ಅದರ ಬದಲು 'ಕೆರಾನ ಅಪ', ಅಂದರೆ ಏನು ಕಾರಣ ಎಂದರೆ, ಅದರೊಳಗೆ 'ಅಪ' ಎಂಬ ನಾಮಪದ ಬಂತು; ಆಗ ಅದು ಹಿಂದೆ ಕೂರಲು ಅಡ್ಡಿಯಿಲ್ಲ. ಇದ್ದಲ್ಲೇ ಇದ್ದು ದೂರದಿಂದ ಹಿಡಿತಕ್ಕೆ ಸಿಗುವುದು ನಾಮಪದಗಳಿಗೆ ಮಾತ್ರ ಸಾಧ್ಯ ಎನ್ನುವ ವಾದ ಹುಟ್ಟಿದ್ದು ಇಂಥ ಉದಾಹರಣೆಗಳಿಂದ. ಕನ್ನಡದಲ್ಲೂ ಅದನ್ನು ಪರೀಕ್ಷಿಸಬಹುದು: 'ಏಕೆ' ತೆಗೆದು 'ಯಾವ ಕಾರಣಕ್ಕೆ ಬರೆದ ಪುಸ್ತಕ ಓದಿದೆ?' ಎಂದು ಹೇಳಿಕೊಳ್ಳಿ. ಈಗ ಬರೆದದ್ದರ ಕಾರಣವನ್ನೇ ಕೇಳಿದ ಹಾಗೆ ಆಗುತ್ತದೆ.